ಅಳಿಸಿದ್ದು ಹೋಗುವುದು ಯಾವಾಗ?



ಸೇಡಂ ಇರಲಿ, ಚಿತ್ತಾಪುರ ಇರಲಿ, ವಾಡಿ, ಶಹಾಬಾದ, ಚಿಂಚೋಳಿ ಇರಲಿ, ಕಂಪ್ಯೂಟರ್ ರಿಪೇರಿ ಅಂಗಡಿಯವರ ಕಿವಿಗೆ ಮತ್ತೆ ಮತ್ತೆ ಬೀಳುವ ಪ್ರಶ್ನೆ ಒಂದೇ. "ಅಣ್ಣಾ, ಎಲ್ಲಾ ಡಿಲೀಟ್ ಆಗ್ಯಾದ, ವಾಪಸ್ ಬರ್ತದೇನು?" ಕೇಳುವವರು ಮಾತ್ರ ಬೇರೆ ಬೇರೆ. ಒಬ್ಬರು ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಿಟ್ಟ ಮಾಸ್ತರು. ಇನ್ನೊಬ್ಬರು ನಾಲ್ಕು ಮದುವೆಯ ಫೋಟೊ ಇಟ್ಟ ಸ್ಟುಡಿಯೋದವರು. ಮತ್ತೊಬ್ಬರು ಕಲ್ಲಿನ ಪಾಲಿಶ್ ಯುನಿಟ್ಟಿನ ಲೆಕ್ಕ ಬರೆಯುವ ಮುನೀಮರು. ತೆಂಗಳಿಯಂಥ ಹಳ್ಳಿಯಿಂದ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದ ಕಾಲೇಜು ಹುಡುಗಿಯೂ ಇರಬಹುದು.

ಉತ್ತರ ಬಹಳ ಸಲ "ಬರ್ತದ" ಎಂಬುದೇ. ಆದರೆ ಆ ಉತ್ತರ ನಿಜವಾಗಬೇಕಾದರೆ, ಅಳಿಸಿದ ಮೇಲೆ ನೀವು ಏನು ಮಾಡಿದಿರಿ ಎನ್ನುವುದು ಮುಖ್ಯ. ಫೈಲು ಅಳಿಸುವ ಗುಂಡಿ ಒತ್ತಿದ ಕ್ಷಣದಲ್ಲಿ ಹೋಗುವುದು ಬಹಳ ಕಡಿಮೆ. ಅದಾದ ಮೇಲಿನ ಗಾಬರಿಯಲ್ಲಿ, ಒಂದು ತಾಸಿನೊಳಗೆ ನಾವು ಮಾಡುವ ಕೆಲಸಗಳಿಂದ ಹೋಗುವುದೇ ಹೆಚ್ಚು. ಇವತ್ತಿನ ನನ್ನ ಮಾತೆಲ್ಲ ಆ ಒಂದು ತಾಸಿನ ಬಗ್ಗೆ.

ಹಾರ್ಡ್‌ಡಿಸ್ಕ್ ಎಂದರೆ ಕನ್ನಡಿಯಂತೆ ನುಣುಪಾದ ತಟ್ಟೆಗಳು. ಮನೆಯ ಕಂಪ್ಯೂಟರುಗಳಲ್ಲಿ ಅವು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ ಅಯಸ್ಕಾಂತದ ಗುರುತುಗಳಾಗಿ ನಿಮ್ಮ ಮಾಹಿತಿ ಕೂತಿರುತ್ತದೆ. ಯಾವ ಫೈಲು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬ ದಾಖಲೆ ಬೇರೆಯೇ ಒಂದು ಕಡೆ ಇರುತ್ತದೆ. ನೀವು ಡಿಲೀಟ್ ಮಾಡಿದಾಗ ಕಂಪ್ಯೂಟರ್ ಮುಟ್ಟುವುದು ಆ ದಾಖಲೆಯನ್ನು ಮಾತ್ರ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಹೊಲದೊಳಗಿನ ತೊಗರಿ ಒಣಗಿ ಹೋಗುವುದಿಲ್ಲವಲ್ಲ, ಹಾಗೆ. ಬೇರೆಯವರು ಬಂದು ಆ ಹೊಲ ಹರಗಿ ಮತ್ತೊಂದು ಬೆಳೆ ಬಿತ್ತುವವರೆಗೆ ತೊಗರಿ ಅಲ್ಲೇ ನಿಂತಿರುತ್ತದೆ.

ಇದರಲ್ಲಿ ಸೂಕ್ಷ್ಮಗಳಿವೆ. ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡುಗಳಲ್ಲಿ ಬಳಸುವ ಫ್ಯಾಟ್ ಎಂಬ ಹಳೆಯ ಪದ್ಧತಿಯಲ್ಲಿ ಫೈಲು ಅಳಿಸಿದರೆ ಹೆಸರಿನ ಮೊದಲ ಅಕ್ಷರ ಹೋಗಿ ಅಲ್ಲೊಂದು ಗುರುತು ಬೀಳುತ್ತದೆ. ಆ ಫೈಲಿನ ತುಂಡುಗಳು ಒಂದರ ಹಿಂದೆ ಒಂದು ಎಲ್ಲಿವೆ ಎಂದು ಹೇಳುವ ಸರಪಳಿಯೂ ಅಳಿಸಿಹೋಗುತ್ತದೆ. ಹೀಗಾಗಿ ಚದುರಿಹೋಗಿದ್ದ ದೊಡ್ಡ ವಿಡಿಯೋ ಅಲ್ಲಿಂದ ಪೂರ್ತಿ ಬರುವುದು ಕಷ್ಟ, ಒಂದೇ ಕಡೆ ಇದ್ದ ಸಣ್ಣ ಫೋಟೊ ಸುಲಭ. ವಿಂಡೋಸ್ ಕಂಪ್ಯೂಟರುಗಳ ಎನ್‌ಟಿಎಫ್‌ಎಸ್ ಪದ್ಧತಿ ಇದಕ್ಕಿಂತ ಉದಾರಿ. ಅಲ್ಲಿ ಅಳಿಸಿದ ಮೇಲೂ ಫೈಲಿನ ಹೆಸರು, ಅದರ ತುಂಡುಗಳ ವಿಳಾಸ ಸ್ವಲ್ಪ ಕಾಲ ಉಳಿದಿರುತ್ತವೆ. ತಡಮಾಡದೆ ಹುಡುಕಿದರೆ ಹೆಸರು, ಫೋಲ್ಡರು ಸಮೇತ ಮರಳಿ ಸಿಗುತ್ತದೆ.

ಫಾರ್ಮ್ಯಾಟಿನಲ್ಲೂ ಎರಡು ಬಗೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಖಾಲಿ ದಾಖಲೆಪುಸ್ತಕ ಬರುತ್ತದೆ ಅಷ್ಟೇ, ಒಳಗಿನ ಮಾಲು ಬಹುಪಾಲು ಹಾಗೇ ಇರುತ್ತದೆ. ಕ್ವಿಕ್ ಎಂಬುದರ ಮುಂದಿನ ಟಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ, ವಿಂಡೋಸ್ ವಿಸ್ಟಾದಿಂದ ಈಚೆಗೆ, ಇಡೀ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. ಆಗ ಕಲಬುರಗಿಗೆ ಹೋದರೂ ಇಲ್ಲ, ಬೆಂಗಳೂರಿಗೆ ಹೋದರೂ ಇಲ್ಲ. ಒಮ್ಮೆ ಸೊನ್ನೆ ಬರೆದ ಮೇಲೂ ದೊಡ್ಡ ಪ್ರಯೋಗಶಾಲೆಯವರು ತೆಗೆಯುತ್ತಾರೆ ಎಂಬ ಮಾತು ಸಿನಿಮಾದಿಂದ ಬಂದದ್ದು. ಇವತ್ತಿನ ಡಿಸ್ಕುಗಳಿಗೆ ಒಂದು ಸಲ ಮೇಲೆ ಬರೆದರೆ ಸಾಕು ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ತನ್ನ ಮಾರ್ಗಸೂಚಿಯಲ್ಲಿಯೇ ಹೇಳಿದೆ.

ಈಗ ನಮ್ಮ ಕಡೆ ಏನಾಗುತ್ತದೆ ನೋಡಿ. ಕಂಪ್ಯೂಟರ್ ಸ್ವಲ್ಪ ತಕರಾರು ಮಾಡಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು. "ವಿಂಡೋಸ್ ಹೊಡಿಸಿಬಿಡ್ರಿ." ಅಂಗಡಿಯ ಹುಡುಗ ಪೆನ್‌ಡ್ರೈವ್ ಹಾಕಿ, ಅರ್ಧ ತಾಸಿನಲ್ಲಿ ಹೊಸ ವಿಂಡೋಸ್ ಹಾಕಿ, ಹಣ ತಗೊಂಡು ಕೊಟ್ಟುಬಿಡುತ್ತಾನೆ. ಡೆಸ್ಕ್‌ಟಾಪಿನ ಮೇಲೆ, ಮೈ ಡಾಕ್ಯುಮೆಂಟ್ಸ್ ಒಳಗೆ ಇಟ್ಟದ್ದು ಸಿ ಡ್ರೈವಿನಲ್ಲಿ ಇರುತ್ತದೆ ಎಂಬುದು ಮನೆಗೆ ಬಂದ ಮೇಲೆ ನೆನಪಾಗುತ್ತದೆ. ಹೊಸ ವಿಂಡೋಸ್ ಎಂದರೆ ಹತ್ತಾರು ಜಿಬಿ ಬರವಣಿಗೆ, ಅದೂ ನಿಮ್ಮ ಹಳೆಯ ಫೈಲು ಇದ್ದ ಜಾಗದ ಮೇಲೆಯೇ. ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ. ಕಂಪ್ಯೂಟರ್ ಚಾಲೂ ಮಾಡಿಕೊಡು ಎಂದು ಕೇಳಿದವರು ನಾವು, ಅವನು ಚಾಲೂ ಮಾಡಿಕೊಟ್ಟ. ಫೈಲು ಬೇಕು ಎಂದು ನಾವು ಹೇಳಲಿಲ್ಲ, ಅವನು ಕೇಳಲಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ರಿಸೈಕಲ್ ಬಿನ್ ನೋಡಿ. ನಗಬೇಡಿ, ಎಷ್ಟೋ ಗಾಬರಿ ಅಲ್ಲಿಗೇ ಮುಗಿಯುತ್ತದೆ. ಶಿಫ್ಟ್ ಒತ್ತಿಹಿಡಿದು ಡಿಲೀಟ್ ಮಾಡಿದ್ದು, ಪೆನ್‌ಡ್ರೈವಿನಿಂದ ಅಳಿಸಿದ್ದು ಅಲ್ಲಿಗೆ ಹೋಗಿರುವುದಿಲ್ಲ. ಅಲ್ಲಿ ಇಲ್ಲವೆಂದಾದರೆ ಕೈ ಕೀಲಿಮಣೆಯಿಂದ ತೆಗೆಯಿರಿ, ಕಂಪ್ಯೂಟರ್ ಬಂದ್ ಮಾಡಿ. ಸುಮ್ಮನೆ ಚಾಲೂ ಇಟ್ಟರೂ ವಿಂಡೋಸ್ ತನ್ನ ಪಾಡಿಗೆ ಬರೆಯುತ್ತಲೇ ಇರುತ್ತದೆ. ಅಪ್‌ಡೇಟು ಇಳಿಯುತ್ತದೆ, ಬ್ರೌಸರು ತನ್ನ ಕಸ ಇಡುತ್ತದೆ. ಅದರಲ್ಲೂ ಹೋದ ಫೈಲು ಸಿ ಡ್ರೈವಿನದಾದರೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಡಿ ಅಥವಾ ಇ ಡ್ರೈವಿನದಾದರೆ ಸ್ವಲ್ಪ ಉಸಿರಾಡಬಹುದು.

ಮುಂದಿನ ತಪ್ಪನ್ನು ಓದು ಬಲ್ಲವರೇ ಮಾಡುತ್ತಾರೆ. ಗೂಗಲ್ ತೆರೆದು, ರಿಕವರಿ ಸಾಫ್ಟ್‌ವೇರ್ ಹುಡುಕಿ, ಅದೇ ಕಂಪ್ಯೂಟರಿಗೆ ಇಳಿಸಿಕೊಂಡು, ಅದೇ ಡಿಸ್ಕಿನಲ್ಲಿ ಹಾಕಿಕೊಳ್ಳುತ್ತಾರೆ. ಸಿಕ್ಕ ಫೈಲುಗಳನ್ನೂ ಅದೇ ಡಿಸ್ಕಿಗೆ ಉಳಿಸುತ್ತಾರೆ. ಹುಡುಕಲು ಹೋದ ಸಾಮಾನಿನ ಮೇಲೆಯೇ ಕಾಲಿಟ್ಟು ನಡೆದಂತಾಯಿತು. ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸುವುದು ಸರಿಯಾದ ದಾರಿ. ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಯಾವ ಅಂಗಡಿಯಲ್ಲೂ ಇರುತ್ತದೆ. ಇಲ್ಲವಾದರೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಚಾಲೂ ಮಾಡಿ ನೋಡಬಹುದು. ತಿಳಿದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆದುಕೊಂಡು, ಮೂಲವನ್ನು ಕಪಾಟಿನಲ್ಲಿಟ್ಟು, ಹುಡುಕಾಟವೆಲ್ಲ ಆ ನಕಲಿನ ಮೇಲೆ ನಡೆಸುತ್ತಾರೆ. ಡಿಸ್ಕು ಅಲ್ಲಲ್ಲಿ ಕೆಟ್ಟಿದ್ದರೂ ಓದಲು ಬರುವಷ್ಟನ್ನು ಮೊದಲು ಓದಿ, ಬಾರದ್ದನ್ನು ಕೊನೆಗೆ ಬಿಡುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮು ಇದಕ್ಕೆಂದೇ ಇದೆ, ಹಣ ಕೊಡಬೇಕಿಲ್ಲ.

ಹಣವಿಲ್ಲದೆ ಸಿಗುವ ಒಳ್ಳೆಯ ಸಾಧನಗಳು ಇನ್ನೂ ಇವೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್, ಫೋಟೊರೆಕ್ ಇವೆ. ಪಿರಿಫಾರ್ಮ್ ಕಂಪನಿಯ ರೆಕುವಾ ಇದೆ. ಮೈಕ್ರೋಸಾಫ್ಟ್ ಕೂಡ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬುದನ್ನು ಬಿಟ್ಟಿತು, ಅದನ್ನು ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಿ ನಡೆಸಬೇಕು. ಇಷ್ಟೆಲ್ಲ ಇರುವಾಗ ಕ್ರ್ಯಾಕ್ ಮಾಡಿದ ದುಬಾರಿ ಸಾಫ್ಟ್‌ವೇರ್ ಹುಡುಕಿಕೊಂಡು ಹೋಗಬೇಡಿ. ಫೈಲು ಮರಳಿ ತರುತ್ತೇನೆಂದು ಬಂದ ಕ್ರ್ಯಾಕಿನ ಹಿಂದೆ, ಉಳಿದ ಫೈಲುಗಳಿಗೂ ಬೀಗ ಜಡಿದು ಹಣ ಕೇಳುವ ವೈರಸ್ ಅಡಗಿರಬಹುದು.

ಫೋಟೊರೆಕ್ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಈ ಪ್ರೋಗ್ರಾಮು ದಾಖಲೆಪುಸ್ತಕವನ್ನು ನೋಡುವುದೇ ಇಲ್ಲ. ಡಿಸ್ಕಿನ ಈ ತುದಿಯಿಂದ ಆ ತುದಿಗೆ ಓದುತ್ತ ಹೋಗುತ್ತದೆ. ಪ್ರತಿ ಜಾತಿಯ ಫೈಲಿಗೂ ತಲೆಯಲ್ಲಿ ಒಂದು ಗುರುತು ಇರುತ್ತದೆ. ಜೆಪೆಗ್ ಚಿತ್ರಕ್ಕೆ ಒಂದು, ಪಿಡಿಎಫ್‌ಗೆ ಇನ್ನೊಂದು. ಆ ಗುರುತು ಕಂಡಲ್ಲಿಂದ ಕತ್ತರಿಸಿ ತೆಗೆದಿಡುತ್ತದೆ. ಹೀಗಾಗಿ ಫಾರ್ಮ್ಯಾಟ್ ಆದ ಡಿಸ್ಕಿನಿಂದಲೂ ಫೈಲು ಬರುತ್ತವೆ, ಆದರೆ ಹೆಸರಿಲ್ಲದೆ ಬರುತ್ತವೆ. "ಸಂಗೀತಾ ಮದುವೆ, ಅರಿಶಿನ" ಎಂದು ನೀವು ಇಟ್ಟ ಹೆಸರು ಹೋಗಿ, ಒಂದು ಅಕ್ಷರ, ಮುಂದೆ ಒಂದಿಷ್ಟು ಅಂಕಿ. ಅಂಥವು ಸಾವಿರಗಟ್ಟಲೆ. ವೆಬ್‌ಸೈಟು ನೋಡುವಾಗ ತಾನಾಗಿ ಉಳಿದುಕೊಂಡಿದ್ದ ಜಾಹೀರಾತಿನ ಚಿತ್ರಗಳೂ ಅದರೊಳಗೇ ಬೆರೆತಿರುತ್ತವೆ. ಕೂತು ಆರಿಸಲು ತಾಳ್ಮೆ ಬೇಕು. ಅಳತೆಯ ಪ್ರಕಾರ ಸಾಲಾಗಿಸಿದರೆ ಕ್ಯಾಮೆರಾದ ದೊಡ್ಡ ಚಿತ್ರಗಳು ಒಂದು ಕಡೆ ಬರುತ್ತವೆ. ಕ್ಯಾಮೆರಾ ಚಿತ್ರದೊಳಗೆಯೇ ಬರೆದಿಟ್ಟ ದಿನಾಂಕವೂ ನೆರವಾಗುತ್ತದೆ.

ಬರವಣಿಗೆಯ ಫೈಲುಗಳಲ್ಲಿ ಮತ್ತೊಂದು ಮೋಸವಿದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಶಾಲೆ ಕಚೇರಿಗಳಲ್ಲಿ ಎಷ್ಟೋ ವರ್ಷ ಕನ್ನಡ ಬರೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಬರಹವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದರು. ನುಡಿಯನ್ನು ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿತು. ಆ ಕಾಲದ ಫೈಲಿನಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸಿ ತೋರಿಸುತ್ತದೆ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ, ಮರಳಿ ಸಿಕ್ಕ ಫೈಲು ತೆರೆದಾಗ ಕಾಣುವುದು ಅರ್ಥವಿಲ್ಲದ ಕಲಸುಮೇಲೋಗರ. "ಫೈಲು ಕೆಟ್ಟು ಹೋಗ್ಯಾದ" ಎಂದು ಜನ ಅದನ್ನು ಎರಡನೆಯ ಸಲ, ಈ ಸಲ ಬೇಕೆಂದೇ, ಅಳಿಸಿಬಿಡುತ್ತಾರೆ. ದಯವಿಟ್ಟು ತಡೆಯಿರಿ. ಮೊದಲು ನುಡಿಯ ಹಳೆಯ ಫಾಂಟು ಹಾಕಿ ನೋಡಿ. ಅಕ್ಷರ ಮೂಡಿದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳಿ, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಹುಡುಕುವಾಗಲೂ ಇದು ನೆನಪಿರಲಿ. ಹಳೆಯ ನುಡಿ ಫೈಲಿನೊಳಗೆ "ಸೇಡಂ" ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಎಂದಿಗೂ ಸಿಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಬಹುಪಾಲು ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕಿಗೆ ಸೇರಿದ್ದು. ಈಗ ಬರುವ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಇಲ್ಲ, ಎಸ್‌ಎಸ್‌ಡಿ ಇದೆ. ವೇಗ ಹೆಚ್ಚು, ಸದ್ದಿಲ್ಲ, ಬಿದ್ದರೆ ಸುಲಭಕ್ಕೆ ಕೆಡುವುದಿಲ್ಲ. ಆದರೆ ಅಳಿಸಿದ ಫೈಲಿನ ವಿಷಯದಲ್ಲಿ ಅದು ನಿರ್ದಯಿ. ವಿಂಡೋಸ್ 7ರಿಂದ ಈಚೆಗೆ, ಫೈಲು ಅಳಿಸಿದ ಕೂಡಲೇ "ಈ ಜಾಗ ಇನ್ನು ಬೇಡ" ಎಂದು ಹೇಳುವ ಟ್ರಿಮ್ ಆದೇಶ ಎಸ್‌ಎಸ್‌ಡಿಗೆ ಹೋಗುತ್ತದೆ. ಅದು ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೇ ತೊಳೆದುಬಿಡುತ್ತದೆ. ಮರುದಿನ ಅಂಗಡಿಗೆ ತಂದರೆ ಸಿಗುವುದು ಬರೀ ಸೊನ್ನೆ. ಇಂಥ ಡಿಸ್ಕಿನಿಂದ ಖಂಡಿತ ತೆಗೆದುಕೊಡುತ್ತೇನೆ ಎಂದು ಮುಂಗಡ ಕೇಳುವವರನ್ನು ನಂಬಬೇಡಿ. ಕ್ಯಾಮೆರಾದ ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಸಾಮಾನ್ಯವಾಗಿ ಈ ಆದೇಶ ಹೋಗುವುದಿಲ್ಲ, ಅಲ್ಲಿ ಆಸೆ ಇಟ್ಟುಕೊಳ್ಳಬಹುದು. ಸ್ಟುಡಿಯೋದವರು ಕಾರ್ಡು ಅಳಿಸಿದ್ದು ಗೊತ್ತಾದ ಕೂಡಲೇ ಅದನ್ನು ತೆಗೆದು ಬೇರೆ ಕಾರ್ಡು ಹಾಕಿ ಮದುವೆ ಮುಂದುವರಿಸಬೇಕು.

ಮೊಬೈಲಿನ ಕಥೆಯೂ ಎಸ್‌ಎಸ್‌ಡಿಯದೇ. ಒಳಗಿನ ಸಂಗ್ರಹ ಗೂಢಲಿಪಿಯಲ್ಲಿರುತ್ತದೆ, ಅಳಿಸಿದ್ದನ್ನು ಕೆದಕಿ ತೆಗೆಯುವುದು ಆಗದ ಮಾತು. ಕಸದಬುಟ್ಟಿಯಲ್ಲಿ ಮಾತ್ರ ಹುಡುಕಿ. ಬ್ಯಾಕಪ್ ಆದ ಚಿತ್ರಗಳನ್ನು ಗೂಗಲ್ ಫೋಟೋಸ್ 60 ದಿನ ಅಲ್ಲಿ ಇಟ್ಟುಕೊಂಡಿರುತ್ತದೆ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಅನೇಕವು ನಮಗೆ ಹೇಳದೆಯೇ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಇಂಥದೇ ಗೂಢಲಿಪಿಯ ಬೀಗ ಹಾಕಿಕೊಂಡಿರುತ್ತವೆ. ಅದರ 48 ಅಂಕಿಯ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಡಿಸ್ಕು ಹೊರತೆಗೆಯುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ, ಕೀಲಿ ಇಲ್ಲದೆ ಯಾರೂ ತೆರೆದುಕೊಡಲಾರರು.

ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅದು ಬೇರೆ ರೋಗ. ಒಳಗಿನ ಓದುಮುಳ್ಳು ಕೆಟ್ಟಿದೆ, ಚಾಲೂ ಮಾಡಿದಷ್ಟೂ ತಟ್ಟೆ ಗೀರಾಗುತ್ತದೆ. ಯಾವ ಸಾಫ್ಟ್‌ವೇರೂ ಬೇಡ, ಕರೆಂಟು ತೆಗೆಯಿರಿ. ಧೂಳಿಲ್ಲದ ಕೋಣೆಯಲ್ಲಿ ಮಾತ್ರ ಅದನ್ನು ಬಿಚ್ಚಬೇಕು. ಸಿಮೆಂಟು, ಕಲ್ಲಿನ ಧೂಳಿನ ನಮ್ಮ ಊರಲ್ಲಿ ಟೇಬಲ್ಲಿನ ಮೇಲೆ ಮುಚ್ಚಳ ತೆಗೆದು ತೋರಿಸುವ ಧೈರ್ಯ ಯಾರೂ ಮಾಡಬಾರದು. ಮಳೆಗಾಲದಲ್ಲಿ ಭೀಮೆ, ಕಾಗಿಣೆ ಉಕ್ಕಿ ಮನೆಯೊಳಗೆ ನೀರು ನುಗ್ಗಿದ್ದನ್ನು ಕಂಡವರು ನಾವು. 2020ರ ಅಕ್ಟೋಬರಿನ ಪ್ರವಾಹ ಇನ್ನೂ ಮರೆತಿಲ್ಲ. ನೆನೆದ ಡಿಸ್ಕನ್ನು ಬಿಸಿಲಿಗಿಟ್ಟು ಒಣಗಿಸಿ ಚಾಲೂ ಮಾಡುವುದು ಬೇಡ. ಹಾಗೆಯೇ ಕಟ್ಟಿ ದೊಡ್ಡ ಊರಿನ ತಜ್ಞರಿಗೆ ಕಳಿಸುವುದು ಮೇಲು. ಎಷ್ಟು ಖರ್ಚು, ಸಿಗದಿದ್ದರೆ ಎಷ್ಟು ಕೊಡಬೇಕು ಎಂದು ಮೊದಲೇ ಬರೆಸಿಕೊಳ್ಳಿ.

ಎಷ್ಟೇ ಜಖಂಗೊಂಡ ಹಾರ್ಡ್‌ಡಿಸ್ಕಿನಿಂದಲೂ ಮಾಹಿತಿ ಬರಬಹುದು ಎಂಬುದಕ್ಕೆ ಒಂದು ಸಾಕ್ಷಿಯಿದೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಆಕಾಶದಲ್ಲೇ ಒಡೆದು ಚೂರಾಯಿತು. ಅವಶೇಷಗಳ ನಡುವೆ, ಬತ್ತಿದ ಕೆರೆಯ ಅಂಗಳದಲ್ಲಿ, ಸುಟ್ಟು ಕರಕಲಾದ ಒಂದು ಸೀಗೇಟ್ ಹಾರ್ಡ್‌ಡಿಸ್ಕ್ ಸಿಕ್ಕಿತು. ಅದರಲ್ಲಿ ಝೆನಾನ್ ಅನಿಲದ ಸ್ನಿಗ್ಧತೆಯ ಮೇಲಿನ ಪ್ರಯೋಗದ ಅಂಕಿಅಂಶ ಇತ್ತು. ಅಮೆರಿಕದ ಆನ್‌ಟ್ರ್ಯಾಕ್ ಕಂಪನಿಯ ತಜ್ಞರು ತಟ್ಟೆಗಳನ್ನು ತೊಳೆದು ಬೇರೆ ಡಿಸ್ಕಿನ ಒಡಲಿಗೆ ಕೂರಿಸಿ, ಶೇಕಡ 99ರಷ್ಟು ಮಾಹಿತಿ ಹೊರತೆಗೆದರು. 2008ರಲ್ಲಿ ಆ ಪ್ರಯೋಗದ ಫಲಿತಾಂಶ ಅಚ್ಚಾಯಿತು. ಇದು ಸಾಧ್ಯವಾದದ್ದಕ್ಕೆ ತಜ್ಞರ ಕೈಚಳಕದ ಜೊತೆಗೆ ಮತ್ತೆರಡು ಕಾರಣ. ಆ ಕಂಪ್ಯೂಟರು ಹಳೆಯ ಡಾಸ್ ವ್ಯವಸ್ಥೆಯದು, ಮಾಹಿತಿಯನ್ನು ಚದುರಿಸದೆ ಒತ್ತೊತ್ತಾಗಿ ಬರೆದಿತ್ತು. ಡಿಸ್ಕಿನ ಅರ್ಧ ಖಾಲಿ ಇತ್ತು, ಪೆಟ್ಟು ಬಿದ್ದದ್ದು ಆ ಖಾಲಿ ಭಾಗಕ್ಕೆ. ಆಕಾಶದಿಂದ ಬಿದ್ದು ಸುಟ್ಟರೂ ಉಳಿದದ್ದು, ಯಾರೂ ಅದರ ಮೇಲೆ ಬರೆಯದೆ ಇದ್ದುದರಿಂದಲೂ ಹೌದು.

ಮೇಲೆ ಬರೆದರೆ, ಕೊರೆದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1980ರ ದಶಕದ ಕೊನೆಗೆ ಅಶೋಕನ ಶಾಸನದ ಒಂದು ಕಲ್ಲು ಬೆಳಕಿಗೆ ಬಂತು. ಎಷ್ಟೋ ಕಾಲ ಅದು ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹ ನಿಲ್ಲಿಸಲು ಯಾರೋ ಕಲ್ಲಿನ ನಡುವೆ ಕುಳಿ ಕೊರೆದಿದ್ದರು. ಆ ಕುಳಿಯ ಜಾಗದ ಅಕ್ಷರಗಳನ್ನು ಯಾವ ತಜ್ಞನೂ ಆ ಕಲ್ಲಿನಿಂದ ಮರಳಿ ಪಡೆಯಲಾರ. ಆದರೂ ಅಲ್ಲಿ ಏನಿತ್ತು ಎಂದು ವಿದ್ವಾಂಸರು ಬಹುಮಟ್ಟಿಗೆ ಹೇಳಬಲ್ಲರು. ಏಕೆಂದರೆ ಸನ್ನತಿಯ ಕಲ್ಲಿನ ಮೇಲಿರುವ ಎರಡು ಪ್ರತ್ಯೇಕ ಶಾಸನಗಳನ್ನು ಅಶೋಕ ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೂ ಬರೆಸಿದ್ದ. ಮೂರು ಪ್ರತಿ, ಅವುಗಳಲ್ಲಿ ಎರಡು ಸನ್ನತಿಯಿಂದ ನೂರಾರು ಮೈಲಿ ದೂರದಲ್ಲಿ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಬ್ಯಾಕಪ್ ಸೂತ್ರವೂ ಇದನ್ನೇ ಕೇಳುತ್ತದೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ ಇರಲಿ, ಒಂದು ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಲಿ. ಡಿ ಡ್ರೈವಿಗೆ ಕಾಪಿ ಮಾಡಿಟ್ಟಿದ್ದೇನೆ ಎಂದರೆ ಅದು ಬ್ಯಾಕಪ್ ಅಲ್ಲ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಹೋಳು, ಕೆಟ್ಟರೆ ಎರಡೂ ಕೂಡಿಯೇ ಕೆಡುತ್ತವೆ.

ಹೋದ ಫೈಲಿಗೆ ಹಣ ಸುರಿಯುವ ಮೊದಲು ಅದರ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ಯೋಚಿಸಿ. ಪಹಣಿಯ ಸ್ಕ್ಯಾನ್ ಹೋದರೆ ಚಿಂತೆ ಬೇಡ, ಅದು ಸರ್ಕಾರದ ಭೂಮಿ ದತ್ತಾಂಶದಲ್ಲಿದೆ. ಅಂಕಪಟ್ಟಿ ಡಿಜಿಲಾಕರಿನಲ್ಲಿ ಸಿಗಬಹುದು. ಸಂಘದ ಪತ್ರ ಯಾರಿಗೋ ಇಮೇಲ್ ಮಾಡಿರುತ್ತೀರಿ. ಮದುವೆಯ ಫೋಟೊ ಬೀಗರ ವಾಟ್ಸಾಪಿನಲ್ಲಿ, ಸ್ವಲ್ಪ ಮಸುಕಾಗಿಯಾದರೂ, ಇದ್ದೇ ಇರುತ್ತದೆ. ಬೇರೆ ಎಲ್ಲೂ ಇಲ್ಲದ್ದು ನಿಮ್ಮದೇ ಬರವಣಿಗೆ, ನಿಮ್ಮದೇ ಲೆಕ್ಕ, ತೀರಿಹೋದವರ ಧ್ವನಿ. ಖರ್ಚು ಮಾಡುವುದಿದ್ದರೆ ಅವುಗಳಿಗೆ ಮಾಡಿ.

ಅಳಿಸಿದ್ದು ಸುಲಭಕ್ಕೆ ಹೋಗುವುದಿಲ್ಲ ಎಂಬ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಅದು ನಮಗೆ ತಿರುಗುಬಾಣ. ಅಮೆರಿಕದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಸಂಶೋಧಕರು 158 ಹಳೆಯ ಡಿಸ್ಕು ಕೊಂಡು ತಂದು ನೋಡಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ತೊಳೆದವು 12 ಮಾತ್ರ. ಉಳಿದವುಗಳಲ್ಲಿ ಜನರ ಪತ್ರಗಳು, ವೈದ್ಯಕೀಯ ವಿವರಗಳು, ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು. 2003ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಮ್ಮ ಊರಿನ ಸೈಬರ್ ಸೆಂಟರು, ಜೆರಾಕ್ಸ್ ಅಂಗಡಿಗಳ ಡಿಸ್ಕುಗಳಲ್ಲಿ ಎಷ್ಟು ಮಂದಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನುಗಳಿರಬಹುದು, ನೀವೇ ಊಹಿಸಿ. ಅಂಗಡಿಯವರು ಡಿಸ್ಕು ಮಾರುವ ಮೊದಲು ಕ್ವಿಕ್ ಅಲ್ಲ, ಪೂರ್ತಿ ಫಾರ್ಮ್ಯಾಟ್ ಮಾಡಬೇಕು. ಕೆಟ್ಟ ಡಿಸ್ಕಾದರೆ ತಟ್ಟೆಯನ್ನೇ ಒಡೆದು ಕೊಡಬೇಕು.

ನಾಳೆ ನಿಮ್ಮ ಕಂಪ್ಯೂಟರನ್ನು ರಿಪೇರಿಗೆ ಒಯ್ದರೆ, "ಏನಾಗ್ಯಾದ?" ಎಂದು ಅವರು ಕೇಳುವ ಮೊದಲೇ ಹೇಳಿಬಿಡಿ. "ವಿಂಡೋಸ್ ಆಮ್ಯಾಲ ಹಾಕ್ರಿ, ಮೊದಲ ಇದರೊಳಗಿನ ಫೈಲು ಬೇರೆ ಡಿಸ್ಕಿಗೆ ತಗೀರಿ." ಆ ಮಾತನ್ನು ರಸೀದಿಯ ಮೇಲೂ ಬರೆಸಿಕೊಳ್ಳಿ.